ಎದುರಿಗಿಲ್ಲದವನ ಹಕ್ಕು

ಸಂಬಳ ತಡವಾದರೆ ನಾವೆಲ್ಲ ಒಟ್ಟಾಗುತ್ತೇವೆ. ಜಗಳ ಹುಟ್ಟುವುದು ಚಾರ್ಜರ್‌ಗೆ, ಟೀ ಕುಡಿಯುವ ಲೋಟಕ್ಕೆ, ಯಾರೋ ತೆರೆದು ಮುಚ್ಚದೆ ಬಿಟ್ಟ ಡ್ರಾಯರ್‌ಗೆ. ಇಂಥ ಜಗಳವನ್ನು ಊರಿಗೆ ಫೋನ್ ಮಾಡಿ ಹೇಳಲೂ ನಾಚಿಕೆಯಾಗುತ್ತದೆ. ಆದರೂ ಒಂದೇ ಕ್ಯಾಂಪಿನಲ್ಲಿ, ಒಂದೇ ಬಸ್ಸಿನಲ್ಲಿ ಓಡಾಡುವ ಇಬ್ಬರು ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡು ಬದುಕಲು ಇದಿಷ್ಟೇ ಸಾಕಾಗುತ್ತದೆ.

ಜುಬೈಲ್‌ನಂಥ ಕೈಗಾರಿಕಾ ನಗರದ ಒಂದು ಸೈಟನ್ನು ಕಣ್ಣ ಮುಂದೆ ತಂದುಕೊಳ್ಳಿ. ಸ್ಟೋರಿನ ಪಕ್ಕದಲ್ಲಿ ಒಂದು ಪೋರ್ಟಾ ಕ್ಯಾಬಿನ್, ಒಳಗೆ ಒಂದು ಮೇಜು, ಒಂದು ಕಂಪ್ಯೂಟರ್. ಹಗಲು ಪಾಳಿಗೆ ಕೂರುವವನು ನಮ್ಮ ಕರಾವಳಿಯವನು, ರಾತ್ರಿ ಪಾಳಿಗೆ ಬರುವವನು ನೇಪಾಳದವನು. ಅವರಿಬ್ಬರೂ ಮುಖಾಮುಖಿಯಾಗುವುದು ಪಾಳಿ ಬದಲಾಗುವ ಹತ್ತು ನಿಮಿಷ ಮಾತ್ರ. ಉಳಿದ ಹೊತ್ತಿನಲ್ಲಿ ಒಬ್ಬನಿಗೆ ಇನ್ನೊಬ್ಬ ಅಂದರೆ ಮೇಜಿನ ಮೇಲೆ ಬಿಟ್ಟುಹೋದ ವಸ್ತುಗಳು: ಫ್ಲಾಸ್ಕ್, ಮಗಳ ಫೋಟೋ, ತಲೆನೋವಿನ ಬಾಮ್, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ.

ಈಗ ರಮಝಾನ್ ಬಂತು. ಬೆಳಿಗ್ಗೆ ಉಪವಾಸ ಹಿಡಿದು ಬಂದವನಿಗೆ ಮೊದಲು ಕಾಣುವುದು ಆ ಬಿಸ್ಕತ್ತಿನ ಪೊಟ್ಟಣ ಮತ್ತು ತಳದಲ್ಲಿ ಟೀ ಒಣಗಿದ ಲೋಟ. ‘ರಮಝಾನ್ ಅಂತ ಗೊತ್ತಿಲ್ವಾ ಇವನಿಗೆ’ ಎನ್ನುತ್ತಾ ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕುತ್ತಾನೆ. ಲೋಟವನ್ನು ಹೊರಗೆ ಮರಳಿನ ಮೇಲೆ ಇಡುತ್ತಾನೆ. ಫೋಟೋವನ್ನು ಫೈಲುಗಳ ಅಡಿಗೆ ತುರುಕುತ್ತಾನೆ. ರಾತ್ರಿ ಬಂದವನು ಫೋಟೋ ಹುಡುಕುತ್ತಾನೆ. ಮೂಲೆ ಮಡಚಿದ ಫೋಟೋ ಸಿಕ್ಕಿದಾಗ ಅವನು ಮಾತಾಡುವುದಿಲ್ಲ. ಮರುದಿನ ಬೆಳಿಗ್ಗೆ ಇವನ ಮುಸಲ್ಲಾ ಕುರ್ಚಿಯ ಮೇಲಿಂದ ನೆಲಕ್ಕೆ ಬಂದಿರುತ್ತದೆ.

ಇಲ್ಲಿ ತಪ್ಪು ಯಾರದು? ಬಹಳ ಜನ ಕೊಡುವ ಉತ್ತರ ಸುಲಭದ್ದು: ಮೇಜು ಇಬ್ಬರದ್ದೂ ಅಲ್ಲ, ಅದು ಕಂಪೆನಿಯದ್ದು, ಹಾಗಾಗಿ ಅಲ್ಲಿ ಸ್ವಂತ ವಸ್ತು ಇಟ್ಟವನೇ ತಪ್ಪಿತಸ್ಥ. ಈ ಉತ್ತರ ನನಗೆ ಒಪ್ಪಿಗೆಯಿಲ್ಲ. ಮೇಜು ಕಂಪೆನಿಯದ್ದು, ನಿಜ. ಹಾಗೆಂದು ಮೇಜಿನ ಮೇಲಿರುವ ಮಗಳ ಫೋಟೋ ಕಂಪೆನಿಯದ್ದಾಗುವುದಿಲ್ಲ, ಹಗಲು ಪಾಳಿಯವನದ್ದೂ ಆಗುವುದಿಲ್ಲ. ಜಾಗದ ಹಕ್ಕು ಬೇರೆ, ವಸ್ತುವಿನ ಹಕ್ಕು ಬೇರೆ. ಈ ಎರಡನ್ನೂ ಕಲಸಿಬಿಟ್ಟಾಗಲೇ ಜಗಳ ಆಗುವುದು.

ಜಾಗದ ಹಕ್ಕಿನ ಬಗ್ಗೆ ನಮ್ಮ ಹಿಂದಿನವರು ತುಂಬ ಸೂಕ್ಷ್ಮವಾಗಿ ಯೋಚಿಸಿದ್ದಾರೆ. ಕೂತವನನ್ನು ಎಬ್ಬಿಸಿ ಅವನ ಜಾಗದಲ್ಲಿ ಕೂರುವುದನ್ನು ಪ್ರವಾದಿ(ಸ)ರು ತಡೆದರು, ಬದಲಿಗೆ ಸರಿದು ಜಾಗ ಮಾಡಿಕೊಡಲು ಹೇಳಿದರು. ಎದ್ದುಹೋದವನು ಮರಳಿ ಬಂದರೆ ಆ ಜಾಗಕ್ಕೆ ಅವನೇ ಹೆಚ್ಚು ಹಕ್ಕುದಾರ ಎಂಬ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಆದರೆ ಎಷ್ಟು ಹೊತ್ತಿನ ತನಕ? ಸಂತೆಯಲ್ಲಿ ವ್ಯಾಪಾರಕ್ಕೆ ಕೂರುವವರ ವಿಷಯದಲ್ಲಿ ವಿದ್ವಾಂಸರಿಗೆ ಇದೇ ಪ್ರಶ್ನೆ ಎದುರಾಯಿತು. 11ನೇ ಶತಮಾನದ ಬಗ್ದಾದಿನ ನ್ಯಾಯಾಧೀಶ ಅಲ್ ಮಾವರ್ದಿ ಆಡಳಿತದ ಬಗ್ಗೆ ಬರೆದ ಗ್ರಂಥದಲ್ಲಿ ಎರಡು ಅಭಿಪ್ರಾಯಗಳನ್ನು ದಾಖಲಿಸಿದ್ದಾರೆ. ಒಂದರ ಪ್ರಕಾರ, ವ್ಯಾಪಾರಿ ಸಂಜೆ ಗಂಟು ಕಟ್ಟಿ ಹೊರಟರೆ ಮರುದಿನ ಆ ಜಾಗ ಮೊದಲು ಬಂದವನಿಗೆ. ಇಮಾಮ್ ಮಾಲಿಕ್‌ರದ್ದೆಂದು ಹೇಳಲಾದ ಇನ್ನೊಂದರ ಪ್ರಕಾರ, ಇಂಥ ಜಾಗದಲ್ಲಿ ಇಂಥವನು ಕೂರುತ್ತಾನೆ ಎಂದು ಜನರಿಗೆಲ್ಲ ಪರಿಚಯವಾಗಿಬಿಟ್ಟಿದ್ದರೆ ಅವನಿಗೇ ಆದ್ಯತೆ, ಯಾಕೆಂದರೆ ಅದರಿಂದ ಜಗಳ ತಪ್ಪುತ್ತದೆ.

ನಮ್ಮ ಮೇಜಿಗೆ ಇವೆರಡೂ ಬೇಕು ಎಂದು ನನಗೆ ಅನಿಸುತ್ತದೆ. ಕುರ್ಚಿ, ಕೀಬೋರ್ಡ್, ಬರೆಯುವ ಜಾಗ ಇವೆಲ್ಲ ಮೊದಲನೆಯ ಅಭಿಪ್ರಾಯದಂತೆ: ಪಾಳಿ ಮುಗಿದರೆ ಅಧಿಕಾರವೂ ಮುಗಿಯಿತು. ಆದರೆ ಪ್ರತಿಯೊಬ್ಬನಿಗೂ ಒಂದು ಮೂಲೆ, ಒಂದು ಡ್ರಾಯರ್ ಮಾಲಿಕ್‌ರ ಅಭಿಪ್ರಾಯದಂತೆ ಇರಲಿ. ಅದು ಇವನದ್ದು ಎಂದು ಎಲ್ಲರಿಗೂ ಗೊತ್ತಿರಲಿ. ಎರಡು ಡ್ರಾಯರ್ ಇರುವ ಮೇಜಿನಲ್ಲಿ ಇದನ್ನು ತೀರ್ಮಾನಿಸಲು ಎರಡು ನಿಮಿಷ ಸಾಕು. ಆ ಎರಡು ನಿಮಿಷದ ಮಾತು ಆಡದೆ ಎರಡು ವರ್ಷ ಒಂದೇ ಮೇಜಿನಲ್ಲಿ ದುಡಿದವರಿದ್ದಾರೆ!

ಇನ್ನು ವಸ್ತುವಿನ ವಿಷಯ. ಸೋದರನ ಸಾಮಾನನ್ನು ತಮಾಷೆಗಾಗಲಿ ನಿಜಕ್ಕಾಗಲಿ ಎತ್ತಿಕೊಳ್ಳಬಾರದು, ಅವನ ಊರುಗೋಲನ್ನು ತೆಗೆದುಕೊಂಡಿದ್ದರೂ ಮರಳಿಸಬೇಕು ಎಂಬ ಉಪದೇಶ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಊರುಗೋಲನ್ನೇ ಉದಾಹರಣೆಯಾಗಿ ತೆಗೆದುಕೊಂಡದ್ದು ನೋಡಿ. ಸಂತೆಯಲ್ಲಿ ಅದಕ್ಕೆ ಬೆಲೆಯಿಲ್ಲ, ಅದನ್ನು ಹಿಡಿದು ನಡೆಯುವವನಿಗೆ ಮಾತ್ರ ಬೆಲೆ. ಇನ್ನೊಂದು ಹದೀಸಿನಲ್ಲಿ, ಒಡೆಯನನ್ನು ಕೇಳದೆ ಅವನ ಜಾನುವಾರಿನ ಹಾಲು ಕರೆಯುವುದನ್ನು ಉಗ್ರಾಣ ಒಡೆದು ಧಾನ್ಯ ಕೊಂಡೊಯ್ಯುವುದಕ್ಕೆ ಹೋಲಿಸಲಾಗಿದೆ. ಕೆಚ್ಚಲು ಅವರ ಉಗ್ರಾಣ ಎನ್ನುವುದಾದರೆ, ಕ್ಯಾಂಪಿನಲ್ಲಿ ಬದುಕುವವನಿಗೆ ಡ್ರಾಯರೇ ಉಗ್ರಾಣ.

ಇದನ್ನು ಆಫೀಸಿನ ದೊಡ್ಡವರಿಗೆ ಅರ್ಥ ಮಾಡಿಸುವುದು ಕಷ್ಟ. ಅವರಿಗೆ ಫ್ಲಾಟ್ ಇದೆ, ಅಲಮಾರು ಇದೆ, ಬೀಗ ಹಾಕುವ ಬಾಗಿಲಿದೆ. ಒಂದೇ ಕೋಣೆಯಲ್ಲಿ ಆರೆಂಟು ಜನ ಮಲಗುವವನಿಗೆ ತನ್ನದು ಎನ್ನಲು ಇರುವುದು ಬಂಕ್ ಮಂಚ, ಅದರ ಅಡಿಯ ಸೂಟ್‌ಕೇಸ್, ಕೆಲಸದ ಜಾಗದಲ್ಲಿ ಒಂದು ಗೇಣು ಮೇಜು. ಗೇಟಿನಲ್ಲಿ ಅವನೊಂದು ಬ್ಯಾಡ್ಜ್ ನಂಬರ್, ಕಾಗದಪತ್ರದಲ್ಲಿ ಇಕಾಮ ನಂಬರ್. ಫೋಟೋ ಇಟ್ಟ ಆ ಗೇಣು ಜಾಗದಲ್ಲಿ ಮಾತ್ರ ಅವನು ಒಬ್ಬಳ ಅಪ್ಪ. ಅದನ್ನು ಫೈಲಿನ ಅಡಿಗೆ ತುರುಕಿದವನು ಒಂದು ಕಾಗದವನ್ನು ಸರಿಸಿದ್ದೇನೆ ಎಂದುಕೊಂಡಿರುತ್ತಾನೆ.

ಹಾಗಾದರೆ ವಸ್ತು ಹರಡಿಕೊಂಡು ಹೋದವನು ನಿರಪರಾಧಿಯೇ? ಅಲ್ಲ. ತನ್ನ ಪಾಳಿ ಮುಗಿದ ಮೇಲೂ ಮೇಜಿನ ಅರ್ಧವನ್ನು ಫ್ಲಾಸ್ಕ್, ಹೆಲ್ಮೆಟ್, ಹಳೆಯ ಬಿಲ್ಲುಗಳಿಂದ ತುಂಬಿಸಿ ಹೋಗುವವನು ಇನ್ನೊಬ್ಬನ ಎಂಟು ಗಂಟೆಯನ್ನು ಕಿತ್ತುಕೊಳ್ಳುತ್ತಿದ್ದಾನೆ. ಪರರ ಭೂಮಿಯಲ್ಲಿ ಒಂದು ಗೇಣನ್ನು ಅನ್ಯಾಯವಾಗಿ ಕಬಳಿಸಿದವನಿಗೆ ಪರಲೋಕದಲ್ಲಿ ಏನಾಗುತ್ತದೆಂದು ನಾವು ಎಷ್ಟು ಬಾರಿ ಕೇಳಿಲ್ಲ! ಮೇಜಿನ ಗೇಣನ್ನು ಭೂಮಿಯ ಗೇಣಿಗೆ ಹೋಲಿಸುವುದು ಅತಿಯಾಯಿತು ಎನ್ನುವಿರೇನೋ. ಇರಬಹುದು. ಆದರೆ ಊರಿನಲ್ಲಿ ಅಣ್ಣತಮ್ಮಂದಿರ ನಡುವೆ ಬೇಲಿ ಸರಿಯುವುದು ಶುರುವಾಗುವುದೂ ಹೀಗೆಯೇ, ಒಂದು ದಿನಕ್ಕೆ ನಾಲ್ಕು ಬೆರಳು.

ತೊಂದರೆ ಆದವನು ಏನು ಮಾಡಬಹುದು? ಸರಿಸಬಹುದು. ಕೆಲಸಕ್ಕೆ ಬೇಕಾದಷ್ಟು ಜಾಗ ಬಿಡಿಸಿಕೊಳ್ಳುವುದು ಅವನ ಹಕ್ಕು. ಒಡೆಯದಂತೆ, ಮಡಚದಂತೆ, ಹುಡುಕಿದರೆ ಕಣ್ಣಿಗೆ ಬೀಳುವ ಕಡೆ ಇಡಬೇಕು. ಎಸೆಯುವುದು, ಬಳಸುವುದು, ಬಚ್ಚಿಡುವುದು ಇವು ಸರಿಸುವುದರಲ್ಲಿ ಸೇರುವುದಿಲ್ಲ. 1869 ಮತ್ತು 1876ರ ನಡುವೆ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಸಿದ್ಧವಾದ ಮಜಲ್ಲಾ ಎಂಬ ಕಾನೂನು ಸಂಹಿತೆಯ 96ನೇ ವಿಧಿ, ಒಬ್ಬನ ಸೊತ್ತನ್ನು ಅವನ ಅನುಮತಿಯಿಲ್ಲದೆ ಇನ್ನೊಬ್ಬ ಬಳಸುವಂತಿಲ್ಲ ಎನ್ನುತ್ತದೆ. ನಮಗೆ ಹೆಚ್ಚು ಬೇಕಾದದ್ದು ಅದರ 25ನೇ ವಿಧಿ: ಒಂದು ಹಾನಿಯನ್ನು ಅಂಥದ್ದೇ ಇನ್ನೊಂದು ಹಾನಿಯಿಂದ ಸರಿಪಡಿಸಲಾಗದು. ಫೋಟೋ ಮಡಚಿದ್ದಕ್ಕೆ ಮುಸಲ್ಲಾ ನೆಲಕ್ಕೆ ಹಾಕಿದವನ ಲೆಕ್ಕ ಈ ವಿಧಿಯ ಮುಂದೆ ನಿಲ್ಲುವುದಿಲ್ಲ. ಬಿಸ್ಕತ್ತಿಗೆ ಸಿಟ್ಟಾಗಿ ಫೋಟೋ ಮುಟ್ಟಿದವನ ಲೆಕ್ಕವೂ ನಿಲ್ಲುವುದಿಲ್ಲ.

ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು, ಯಾಕೆಂದರೆ ಅದನ್ನು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡವರಿದ್ದಾರೆ. ಹದೀಸಿನಲ್ಲಿ ಹೇಳಿದ್ದು ಸೋದರನ ಸಾಮಾನಿನ ಬಗ್ಗೆ, ಈತನಾದರೋ ನಮ್ಮ ಧರ್ಮದವನಲ್ಲ, ಅದರಲ್ಲೂ ಉಪವಾಸದ ದಿನ ತಿಂಡಿ ಇಟ್ಟು ಹೋದವನು ಎಂಬುದು ಆ ಮಾತು. ಹಿಜ್ರಾದ ರಾತ್ರಿಯನ್ನು ನೆನಪಿಸಿಕೊಳ್ಳಿ. ಪ್ರವಾದಿ(ಸ)ರನ್ನು ಮುಗಿಸಲು ಹೊಂಚು ಹಾಕಿದ್ದ ಅದೇ ಮಕ್ಕಾದವರ ಅಮಾನತ್ತುಗಳು ಅವರ ಮನೆಯಲ್ಲಿದ್ದವು. ಅವನ್ನೆಲ್ಲ ಒಡೆಯರಿಗೆ ಮುಟ್ಟಿಸುವುದಕ್ಕಾಗಿಯೇ ಅಲೀ(ರ)ರನ್ನು ಹಿಂದೆ ಬಿಟ್ಟು ಹೋದರು. ಪ್ರಾಣಕ್ಕೆ ಬಂದವರ ಸೊತ್ತನ್ನೇ ಹೀಗೆ ನೋಡಿಕೊಂಡಿರುವಾಗ, ಒಂದು ಪೊಟ್ಟಣ ಮರೆತುಹೋದವನ ಸೊತ್ತಿನ ಬಗ್ಗೆ ಏನು ಹೇಳುವುದು? ನಮ್ಮೊಂದಿಗೆ ಒಪ್ಪಂದದಲ್ಲಿ ಬದುಕುವ ಮುಸ್ಲಿಮೇತರನಿಗೆ ಅನ್ಯಾಯ ಮಾಡಿದವನ ವಿರುದ್ಧ ಪರಲೋಕದಲ್ಲಿ ತಾನೇ ವಾದಿಯಾಗುವೆನೆಂದು ಪ್ರವಾದಿ(ಸ)ರು ಹೇಳಿದ್ದು ಅಬೂದಾವೂದ್‌ನಲ್ಲಿದೆ.

ರಮಝಾನಿನಲ್ಲಿ ಹಗಲು ಸಾರ್ವಜನಿಕವಾಗಿ ತಿನ್ನಬಾರದೆಂಬ ನಿಯಮ ಇಲ್ಲಿ ಎಲ್ಲರಿಗೂ ಇದೆ. ಆದರೆ ನೇಪಾಳದವನು ಹಗಲು ತಿನ್ನಲಿಲ್ಲ, ಅವನು ಆಗ ಕ್ಯಾಂಪಿನಲ್ಲಿ ನಿದ್ದೆಯಲ್ಲಿದ್ದ. ಮೇಜಿನ ಮೇಲಿದ್ದದ್ದು ಬಾಯಿ ಕಟ್ಟಿದ ಪೊಟ್ಟಣ. ಮುಚ್ಚಿದ ಪೊಟ್ಟಣ ನೋಡಿ ಕದಡುವ ಉಪವಾಸದ ಬಗ್ಗೆ ಚಿಂತಿಸಬೇಕಾದವನು ಉಪವಾಸಿಗನೇ. ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಬಂದರೂ ಒಬ್ಬನನ್ನು ಬೈದು, ಇನ್ನೊಬ್ಬನ ಸೊತ್ತು ತಿಂದ ಕಾರಣಕ್ಕೆ ಎಲ್ಲವನ್ನೂ ಅವರಿಗೆ ಹಂಚಿಕೊಟ್ಟು ಬರಿಗೈಯಾಗುವ ದಿವಾಳಿಗನ ಹದೀಸನ್ನು ತರಾವೀಹ್‌ನ ನಂತರದ ಪ್ರವಚನಗಳಲ್ಲಿ ಕೇಳುತ್ತಲೇ ಇರುತ್ತೇವೆ. ಆ ಪಟ್ಟಿಯಲ್ಲಿ ಬಿಸ್ಕತ್ತು ಬರಬಹುದೆಂದು ಯಾರೂ ಎಣಿಸಿರುವುದಿಲ್ಲ.

ದೂರು ಕೊಡುವ ವಿಷಯದಲ್ಲೂ ಒಂದು ಮಾತು. ಈಗ ಮೇಜಿನ ಫೋಟೋ ತೆಗೆದು ಪಾಳಿಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವುದು ಅಭ್ಯಾಸವಾಗಿದೆ. ‘ನೋಡಿ ಸರ್, ದಿನಾ ಇದೇ ಕತೆ’ ಎಂಬ ಒಂದು ಸಾಲು ಸಾಕು. ಅದನ್ನು ನಲವತ್ತು ಜನ ನೋಡುತ್ತಾರೆ, ಸೂಪರ್‌ವೈಸರ್ ನೋಡುತ್ತಾನೆ, ವಾರ್ನಿಂಗ್ ಲೆಟರ್ ಬಂದರೂ ಬರಬಹುದು. ಕರಾರು ನವೀಕರಣದ ಹೊತ್ತಿಗೆ ಆ ಕಾಗದ ಫೈಲಿನಿಂದ ಹೊರಗೆ ಬಂದರೆ ಒಂದು ಮನೆಯ ಅಕ್ಕಿಗೆ ಕುತ್ತು. ಕಳವು ಆಗಿದ್ದರೆ, ಬೆದರಿಕೆ ಇದ್ದರೆ ದೂರು ಕೊಡಲೇಬೇಕು. ಸಹಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಒಂದು ಲೋಟದ ವಿಷಯವನ್ನು ಪಾಳಿ ಬದಲಾಗುವ ಹತ್ತು ನಿಮಿಷದಲ್ಲಿ, ಬೇರೆ ಯಾರೂ ಇಲ್ಲದಾಗ ಮುಖ ನೋಡಿ ಹೇಳಬಹುದು: ‘ಭಾಯ್, ಬೆಳಿಗ್ಗೆ ನನಗೆ ರಿಜಿಸ್ಟರ್ ಬಿಡಿಸಲು ಜಾಗ ಸಾಲುತ್ತಿಲ್ಲ, ಈ ಡ್ರಾಯರ್ ನೀನೇ ಇಟ್ಟುಕೊ.’ ಮುರುಕು ಹಿಂದಿಯಲ್ಲಿ ಹೇಳಿದರೂ ಅರ್ಥವಾಗುತ್ತದೆ.

ಈ ತಿಂಗಳು ಇದು ಇನ್ನೂ ಮುಖ್ಯ. ಸೌದಿ ಕಾರ್ಮಿಕ ಕಾನೂನಿನಂತೆ ರಮಝಾನಿನಲ್ಲಿ ಮುಸ್ಲಿಮ್ ಕೆಲಸಗಾರರ ದುಡಿಮೆ ದಿನಕ್ಕೆ 6 ಗಂಟೆ, ವಾರಕ್ಕೆ 36 ಗಂಟೆ ಮೀರಬಾರದು. ಹಾಗಾಗಿ ಪಾಳಿಗಳ ಸಮಯ ಬದಲಾಗುತ್ತದೆ, ಇಬ್ಬರ ಮೇಜಿಗೆ ಮೂರನೆಯವನು ಬಂದು ಕೂರುವುದೂ ಉಂಟು. ಹೊಸಬನಿಗೆ ಯಾವ ಮೂಲೆ ಯಾರದ್ದು ಎಂದು ಗೊತ್ತಿರುವುದಿಲ್ಲ. ಮೊದಲ ದಿನವೇ ತೋರಿಸಿಕೊಡಿ, ಅವನಿಗೂ ಒಂದು ಗೇಣು ಬಿಟ್ಟುಕೊಡಿ.

ತಿಂಡಿ ಹಳಸಿ ಇರುವೆ ಬಂದರೆ ಏನು ಮಾಡುವುದು ಎಂದು ಯಾರಾದರೂ ಕೇಳಬಹುದು. ಎಸೆಯಿರಿ, ಅವನು ಬಂದಾಗ ತಿಳಿಸಿಬಿಡಿ. ಕೆಡದ ವಸ್ತುವಿನ ಲೆಕ್ಕ ಬೇರೆ. ಎಕ್ಸಿಟ್ ಹೊಡೆಸಿಕೊಂಡು ಊರಿಗೆ ಹೋದವನ ಡ್ರಾಯರಿನಲ್ಲಿ ಏನೇನೋ ಉಳಿದಿರುತ್ತದೆ: ಕನ್ನಡಕ, ಹಳೆಯ ಸಿಮ್, ಮಕ್ಕಳ ಫೋಟೋ. ಒಡೆಯ ಯಾರೆಂದೇ ಗೊತ್ತಿಲ್ಲದೆ ಸಿಕ್ಕಿದ ಸೊತ್ತನ್ನು ಒಂದು ವರ್ಷ ಸಾರಿ ಹೇಳಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಇವನಾದರೋ ಯಾರೆಂದು ಗೊತ್ತಿದೆ, ಅವನ ನಂಬರ್ ಕೂಡ ಯಾರದ್ದಾದರೂ ಫೋನಿನಲ್ಲಿ ಇರುತ್ತದೆ. ಒಂದು ಕರೆ ಮಾಡಿ ಬೇಕೋ ಬೇಡವೋ ಕೇಳಿ. ಬೇಕು ಎಂದರೆ ಒಂದು ಲಕೋಟೆಯಲ್ಲಿ ಹಾಕಿ ಹೆಸರು ಬರೆದಿಡಿ. ಅವನ ಊರಿನ ಕಡೆ ರಜೆಯಲ್ಲಿ ಹೋಗುವವರು ಈದ್ ಹೊತ್ತಿಗೆ ಯಾರಾದರೂ ಇದ್ದೇ ಇರುತ್ತಾರೆ.