ನಮ್ಮವರು ಎಂದರೆ ಯಾರು?

ಕಷ್ಟದಲ್ಲಿರುವವರಿಗೆ ನೆರವಾಗಬೇಕೆಂಬ ಮಾತಿಗೆ ಯಾರೂ ಎದುರಾಡುವುದಿಲ್ಲ. ಮೊದಲು ಯಾರಿಗೆ ಎಂದು ಕೇಳಿದಾಗ ಮಾತ್ರ ಸಭೆಯಲ್ಲಿ ದನಿಗಳು ಏರತೊಡಗುತ್ತವೆ. ‘ಮೊದಲು ನಮ್ಮವರಿಗೆ’ ಎಂಬುದು ಸಹಜವಾದ ಉತ್ತರ. ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರೂ ಹೇಳಿದ್ದಾರೆ. ಆದರೆ ಊರು ಬಿಟ್ಟು ಇಷ್ಟು ದೂರ ಬಂದು ನೆಲಸಿದ ನಮ್ಮಂಥವರಿಗೆ ‘ನಮ್ಮವರು’ ಎಂಬ ಮಾತಿನ ಅರ್ಥ ಅಷ್ಟು ಸುಲಭವಾಗಿ ಕೈಗೆ ಸಿಕ್ಕುವುದಿಲ್ಲ. ನಮ್ಮ ಭಾಷೆಯವರೋ, ನಮ್ಮ ಜಾತಿಯವರೋ, ನಮ್ಮ ಜಿಲ್ಲೆಯವರೋ, ಇಲ್ಲವೆ ದಿನ ಬೆಳಗಾದರೆ ಕಣ್ಣಿಗೆ ಬೀಳುವವರೋ?

ಈ ಪ್ರಶ್ನೆ ಕನ್ನಡ ನಾಡಿಗೆ ಹೊಸದಲ್ಲ. ವಾರಾನ್ನ ಎಂಬ ಮಾತನ್ನು ನಮ್ಮ ಮನೆಗಳ ಹಿರಿಯರು ಇನ್ನೂ ಮರೆತಿಲ್ಲ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ಮನೆಗಳಲ್ಲಿ ಉಂಡು ಓದಿದವರು ಎಷ್ಟೋ ಮಂದಿ ದೊಡ್ಡ ಅಧಿಕಾರಿಗಳಾದರು, ಪಂಡಿತರಾದರು. ಅದನ್ನು ನಾವು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇವೆ. ಹೇಳುವಾಗ ಒಂದು ಸಂಗತಿಯನ್ನು ಬಿಟ್ಟುಬಿಡುವುದೂ ಉಂಟು. ವಾರಾನ್ನದ ಎಲೆಯನ್ನು ಎಲ್ಲ ಹುಡುಗರಿಗೂ ಹಾಕುತ್ತಿರಲಿಲ್ಲ. ಒಂದೇ ಪಂಕ್ತಿಯಲ್ಲಿ ಕೂರಬಹುದಾದವರಿಗೆ ಮಾತ್ರ ಹಾಕುತ್ತಿದ್ದರು. ಉಳಿದವರು ತಮ್ಮ ಎಲೆಯನ್ನು ತಾವೇ ಹಾಕಿಕೊಳ್ಳಬೇಕಾಯಿತು. 1906ರಲ್ಲಿ ಬೆಂಗಳೂರಿನ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಉಪಾಧ್ಯಾಯರು ಕಟ್ಟಿದ ಕೆ.ಎಲ್.ಇ. ಸಂಸ್ಥೆ, ಊರೂರಿನ ಉಚಿತ ಪ್ರಸಾದ ನಿಲಯಗಳು ಬೆಳೆದದ್ದು ಹೀಗೆ. ತಮ್ಮವರಿಗೆಂದು ತೆರೆದ ಬಾಗಿಲುಗಳು ಅವು. ಕೆಲವು ಕ್ರಮೇಣ ಎಲ್ಲರಿಗೂ ತೆರೆದವು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಜಾತಿ ಮತದ ಹೆಸರಿಲ್ಲದೆ ಉಂಡು ಓದಿದ್ದನ್ನು ನಾವೆಲ್ಲ ಬಲ್ಲೆವು. ಇನ್ನು ಮಂಗಳೂರಿನ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಅವರ ಸ್ವಂತ ಜಾತಿಯವರೇ ಅವರನ್ನು ಹೊರಗಿಟ್ಟರು. ‘ನಮ್ಮವರು’ ಎಂಬ ಮಾತಿಗೆ ಅಂಥ ಒಂದು ಮುಖವೂ ಉಂಟು.

ಊರು ಬಿಟ್ಟವರ ಕಥೆ ಬೇರೆ. ಮುಂಬಯಿ ಸೇರಿದ ಕರಾವಳಿಯ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತಟ್ಟೆ ತೊಳೆದು, ಸಂಜೆಯಾದ ಮೇಲೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಉಚಿತ ರಾತ್ರಿ ಶಾಲೆ ಇವುಗಳಲ್ಲಿ ಪ್ರಸಿದ್ಧವಾದದ್ದು. ಬಿಲ್ಲವರು 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕನ್ನೇ ಕಟ್ಟಿಕೊಂಡರು. ಊಟ, ವಿದ್ಯೆ, ಉದ್ಯೋಗ ಈ ಮೂರೂ ಪರ ಊರಿನಲ್ಲಿ ತಾನಾಗಿ ಸಿಕ್ಕುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಅದೇ ಮುಂಬಯಿಯಲ್ಲಿ, ಮಜಗಾಂವ್ ಮತ್ತು ಬೈಕುಲಾ ಕಡೆಯಲ್ಲಿ, ಇನ್ನೊಂದು ಸಣ್ಣ ಸಮುದಾಯವೂ ಇದೇ ಕೆಲಸದಲ್ಲಿ ತೊಡಗಿತ್ತು. ಬೆನೆ ಇಸ್ರೇಲ್ ಎಂಬ ಯೆಹೂದಿಗಳು ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸಿಕೊಂಡಿದ್ದವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಸುತ್ತಲಿನ ಜನ ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆಯುತ್ತಿದ್ದರು. ಮನೆಮಾತು ಮರಾಠಿ. ಪೇಟೆಗೆ ಬಂದ ಇವರ ಮಕ್ಕಳಿಗಾಗಿ ಹಾಯಿಮ್ ಸಾಮ್ಯುಯೆಲ್ ಕೆಹಿಮ್ಕರ್ ಮತ್ತು ಅವರ ಜೊತೆಯವರು 1875ರಲ್ಲಿ ಒಂದು ಶಾಲೆ ತೆರೆದರು. ಮುಂದೆ ಅದಕ್ಕೆ ದಾನಿಯಾದ ಸರ್ ಎಲಿ ಕದೂರಿಯ ಹೆಸರು ಬಂತು. ಬಾಗ್ದಾದಿನಿಂದ ಬಂದ ಸಸೂನ್ ಮನೆತನದವರು ತಮ್ಮವರಿಗೆ ಗಿರಣಿಯಲ್ಲಿ, ವ್ಯಾಪಾರದಲ್ಲಿ ಕೆಲಸ ಕೊಟ್ಟರು, ಶಾಲೆ ಕಟ್ಟಿಸಿದರು. 1880ರಲ್ಲಿ ರಷ್ಯಾದಲ್ಲಿ ಹುಟ್ಟಿದ ‘ಓ.ಆರ್.ಟಿ.’ ಎಂಬ ಸಂಸ್ಥೆ ಬಡ ಯೆಹೂದಿಗಳಿಗೆ ಕೈಕಸುಬು ಮತ್ತು ಬೇಸಾಯ ಕಲಿಸುವುದಕ್ಕೆಂದೇ ಇದ್ದದ್ದು. ಅದು 1960ರ ದಶಕದಲ್ಲಿ ಮುಂಬಯಿಗೂ ಬಂದು ತರಬೇತಿ ಆರಂಭಿಸಿತು. ಹಣ ಕೊಟ್ಟು ಕೈತೊಳೆದುಕೊಳ್ಳದೆ ಕಸುಬು ಕೊಡಬೇಕೆಂಬುದು ಅವರಲ್ಲಿ ಹಳೆಯ ನಂಬಿಕೆ. ಮಗನಿಗೆ ಒಂದು ಕಸುಬು ಕಲಿಸುವುದು ತಂದೆಯ ಕರ್ತವ್ಯಗಳಲ್ಲೊಂದೆಂದು ಅವರ ತಾಲ್ಮುದ್ ಗ್ರಂಥ ಎಣಿಸುತ್ತದೆ. ಈಜು ಕಲಿಸುವುದನ್ನೂ ಕೆಲವರು ಆ ಪಟ್ಟಿಗೆ ಸೇರಿಸಿದ್ದಾರೆ!

ದಿಲ್ಲಿಯಲ್ಲಿ ಯೆಹೂದಿಗಳದು ಬೆರಳೆಣಿಕೆಯ ಮನೆಗಳು. ಖಾನ್ ಮಾರ್ಕೆಟಿನ ಹತ್ತಿರ ಹುಮಾಯೂನ್ ರಸ್ತೆಯಲ್ಲಿರುವ ಅವರ ಪ್ರಾರ್ಥನಾ ಮಂದಿರವನ್ನು ನಮ್ಮಲ್ಲನೇಕರು ಬಸ್ಸಿನಿಂದ ನೋಡಿಯೂ ಗಮನಿಸದೆ ಹೋಗಿರಬಹುದು. ಆದರೆ ನಮ್ಮ ಪ್ರಶ್ನೆಯನ್ನು ಅವರಷ್ಟು ದೀರ್ಘಕಾಲ ಯೋಚಿಸಿದವರು ಕಡಿಮೆ. ಎರಡು ಸಾವಿರ ವರ್ಷ ಹೊರ ಊರುಗಳಲ್ಲಿ ಬದುಕಿದವರು ಯೋಚಿಸದೆ ವಿಧಿಯಿರಲಿಲ್ಲ.

ಅವರ ಹಳೆಯ ಕಟ್ಟಳೆಯಲ್ಲಿ ಊರಿಗೆ ಎರಡು ಬಗೆಯ ಧರ್ಮನಿಧಿ. ಒಂದರ ಹೆಸರಿಗೆ ‘ತಟ್ಟೆ’ ಎಂದು ಅರ್ಥ, ಇನ್ನೊಂದಕ್ಕೆ ‘ಬುಟ್ಟಿ’ ಎಂದು. ತಟ್ಟೆಯೆಂದರೆ ದಿನದಿನದ ಊಟ. ಎಲ್ಲಿಂದ ಬಂದ ಬಡವನಿಗಾದರೂ ಅದು ಸಲ್ಲಬೇಕು. ಬುಟ್ಟಿಯೆಂದರೆ ವಾರಕ್ಕೊಮ್ಮೆ ಕೊಡುವ ಹಣ. ಅದು ಆ ಊರಿನ ಬಡವರಿಗೆ. ಬುಟ್ಟಿಗೆ ಹಣ ಎತ್ತುವುದಕ್ಕೆ ಇಬ್ಬರು ಇರಬೇಕು, ಹಂಚುವುದಕ್ಕೆ ಮೂವರು. ಹಂಚಿಕೆ ನ್ಯಾಯತೀರ್ಮಾನದಂಥ ಕೆಲಸವಾದ್ದರಿಂದ ಪಂಚಾಯಿತಿಯಂತೆ ಮೂವರು ಕೂತು ಮಾಡಬೇಕು ಎಂಬುದು ಕಾರಣ. ನಮ್ಮ ಸಂಘಸಂಸ್ಥೆಗಳ ಖಜಾಂಚಿಗಳು ಇದನ್ನು ಓದಿ ನಗಬಹುದು, ಅಥವಾ ನಿಟ್ಟುಸಿರುಬಿಡಬಹುದು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ನಿಯಮ. ಹೊಸದಾಗಿ ಬಂದವನು ಯಾವಾಗ ‘ಊರಿನವನು’ ಆಗುತ್ತಾನೆ? ಮೂವತ್ತು ದಿನ ಇದ್ದರೆ ಅವನು ತಟ್ಟೆಗೆ ಕೊಡಬೇಕು. ಮೂರು ತಿಂಗಳಾದರೆ ಬುಟ್ಟಿಗೆ, ಆರು ತಿಂಗಳಾದರೆ ಬಡವರ ಬಟ್ಟೆಯ ನಿಧಿಗೆ, ಒಂಬತ್ತು ತಿಂಗಳಾದರೆ ಶವಸಂಸ್ಕಾರದ ನಿಧಿಗೆ, ಒಂದು ವರ್ಷ ತುಂಬಿದರೆ ಊರಿನ ಕೋಟೆಗೋಡೆಗೂ ಕೊಡಬೇಕು. ಒಬ್ಬನ ಹುಟ್ಟು, ಮಾತು, ಮೂಲ ಯಾವುದನ್ನೂ ಇಲ್ಲಿ ಕೇಳುವುದಿಲ್ಲ. ಇದ್ದಷ್ಟು ದಿನಕ್ಕೆ ತಕ್ಕಂತೆ ಋಣ ಬೆಳೆಯುತ್ತದೆ, ಅಷ್ಟೆ. ಪರಧರ್ಮದ ಬಡವರನ್ನೂ ತಮ್ಮ ಬಡವರೊಂದಿಗೆ ಸಾಕಬೇಕು, ಅವರ ರೋಗಿಗಳನ್ನು ನೋಡಿಬರಬೇಕು ಎಂಬ ಮಾತೂ ಅದೇ ಗ್ರಂಥದಲ್ಲಿದೆ. ಅಲ್ಲಿ ಕೊಟ್ಟಿರುವ ಕಾರಣ ದೊಡ್ಡ ವೇದಾಂತವೇನಲ್ಲ: ಊರಿನಲ್ಲಿ ಶಾಂತಿಯಿರಲಿ ಎಂದು. ಹಾಗೆಂದು ‘ನಿನ್ನವರು ಮೊದಲು’ ಎಂಬುದನ್ನು ಅವರು ಕೈಬಿಟ್ಟಿಲ್ಲ. ಮನೆಯ ಬಡವರು, ಆಮೇಲೆ ಊರಿನ ಬಡವರು, ಆಮೇಲೆ ಪರ ಊರಿನವರು ಎಂದು ಕ್ರಮ ಹೇಳಿಯೇ ಇದ್ದಾರೆ.

ಆ ಕ್ರಮದಿಂದ ಕಟ್ಟಿದ ಸಂಸ್ಥೆಗಳು ಕೊನೆಗೆ ಎಲ್ಲಿಗೆ ಬಂದು ನಿಂತವು? 1940ರ ದಶಕದಲ್ಲಿ ಭಾರತದಲ್ಲಿ ಯೆಹೂದಿಗಳು ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಇದ್ದರು. 1948ರಲ್ಲಿ ಇಸ್ರೇಲ್ ಹುಟ್ಟಿದ ಮೇಲೆ ಬಹುಪಾಲು ಮಂದಿ ಹೊರಟುಹೋದರು; 2011ರ ಜನಗಣತಿಯ ಹೊತ್ತಿಗೆ ಉಳಿದವರ ಸಂಖ್ಯೆ ಐದು ಸಾವಿರವನ್ನೂ ಮುಟ್ಟಲಿಲ್ಲ. ಜನ ಹೋದರು, ಶಾಲೆಗಳು ನಿಂತವು. ಕಲಕತ್ತೆಯಲ್ಲಿ 1881ರಲ್ಲಿ ಯೆಹೂದಿ ಹೆಣ್ಣುಮಕ್ಕಳಿಗಾಗಿ ತೆರೆದ ಶಾಲೆಯಲ್ಲಿ ಈಗ ಓದುವವರು ಬಹುತೇಕ ಮುಸಲ್ಮಾನ ಹುಡುಗಿಯರು. ಮುಂಬಯಿಯ ಶಾಲೆಯಲ್ಲೂ ಅಂಥದೇ ಬದಲಾವಣೆ. ಅಮೆರಿಕದ ಬಾಸ್ಟನ್ನಿನಲ್ಲಿ 1938ರಲ್ಲಿ ಯೆಹೂದಿಗಳಿಗೆ ಉದ್ಯೋಗ ಹುಡುಕಿಕೊಡಲು ಹುಟ್ಟಿದ ಸಂಸ್ಥೆಯೊಂದು ಇಂದು ನಾನಾ ದೇಶಗಳ ವಲಸೆಗಾರರಿಗೆ ಇಂಗ್ಲಿಷ್ ಕಲಿಸಿ ಕೆಲಸಕ್ಕೆ ಸೇರಿಸುತ್ತಿದೆ. ಇದನ್ನು ನಷ್ಟವೆಂದು ಎಣಿಸುವವರು ಅವರಲ್ಲೂ ಇರಬಹುದು. ನನಗೆ ಹಾಗೆನಿಸುವುದಿಲ್ಲ. ಕೆಲಸ ಹುಡುಕಿ ಸೋತವನ ಕಷ್ಟವನ್ನು ತಮ್ಮವರ ಮೂಲಕ ಚೆನ್ನಾಗಿ ಅರಿತವರಿಗೆ ಬೇರೆಯವರಲ್ಲಿ ಅದೇ ಕಷ್ಟ ಕಂಡಾಗ ಗುರುತು ಹತ್ತುತ್ತದೆ. ಲೋಧಿ ಎಸ್ಟೇಟಿನ ನಮ್ಮ ದೆಹಲಿ ಕನ್ನಡ ಶಾಲೆಯಲ್ಲಿ ಕೂಡ ಓದುವ ಎಲ್ಲ ಮಕ್ಕಳ ಮನೆಮಾತು ಕನ್ನಡವಲ್ಲ. ಅದರಿಂದ ಶಾಲೆಯ ಕನ್ನಡತನ ಸವೆಯಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ.

ಈಗ ಪೀತಮ್‌ಪುರಕ್ಕೆ ಬರೋಣ. ಇಲ್ಲಿನ ಗ್ರೂಪ್ ಹೌಸಿಂಗ್ ಸೊಸೈಟಿಗಳಲ್ಲಿ ಚದುರಿಕೊಂಡಿರುವ ನಾವು ಕೆಲವು ಕನ್ನಡ ಮನೆಯವರು ಸೇರಿ ಚಿಕ್ಕದೊಂದು ವಿದ್ಯಾರ್ಥಿ ನಿಧಿ ನಡೆಸುತ್ತೇವೆ. ಯುಗಾದಿಗೂ ರಾಜ್ಯೋತ್ಸವಕ್ಕೂ ಕೂಡಿಸಿದ ಹಣ, ವರ್ಷಕ್ಕೆ ಇಬ್ಬರು ಮೂವರ ಶುಲ್ಕಕ್ಕೆ ಸಾಕಾದೀತು. ಈ ಸಲ ಬಂದ ಅರ್ಜಿಗಳಲ್ಲಿ ಒಂದು ರಾಯಚೂರಿನ ಕಡೆಯ ಹುಡುಗನದು. ಇಲ್ಲಿ ಬಾಡಿಗೆ ಕೋಣೆ ಹಿಡಿದು ಓದುತ್ತಿದ್ದಾನೆ. ಇನ್ನೊಂದು, ಬ್ಲಾಕಿನ ಗೇಟಿನ ಪಕ್ಕ ಬಟ್ಟೆ ಇಸ್ತ್ರಿ ಮಾಡುವವರ ಮಗಳದು. ಅವರು ಬಿಹಾರದವರು. ಹುಡುಗಿ ಹನ್ನೆರಡನೆಯ ತರಗತಿ ಮುಗಿಸಿ ನರ್ಸಿಂಗ್ ಸೇರಬೇಕೆಂದಿದ್ದಾಳೆ. ‘ಇದು ಕನ್ನಡಿಗರ ನಿಧಿ’ ಎಂದರು ಒಬ್ಬರು. ‘ಹದಿನೈದು ವರ್ಷದಿಂದ ನಮ್ಮೆಲ್ಲರ ಬಟ್ಟೆಗೆ ಮಡಿಕೆ ಹಾಕುತ್ತಿದ್ದಾರೆ, ಅವರು ನಮ್ಮವರಲ್ಲವೇ?’ ಎಂದರು ಇನ್ನೊಬ್ಬರು.

ಮೊದಲನೆಯವರ ಮಾತನ್ನು ಸಂಕುಚಿತವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಕನ್ನಡದ ಹೆಸರು ಹೇಳಿ ಎತ್ತಿದ ಹಣವನ್ನು ಬೇರೆ ಕೆಲಸಕ್ಕೆ ಬಳಸಿದರೆ ಕೊಟ್ಟವರಿಗೆ ಮಾತು ತಪ್ಪಿದಂತಾಗುತ್ತದೆ. ಅಲ್ಲದೆ ಆ ರಾಯಚೂರಿನ ಹುಡುಗನಿಗೆ ಈ ಊರಿನಲ್ಲಿ ಅವನ ಭಾಷೆಯಲ್ಲಿ ಕಷ್ಟ ಕೇಳುವವರು ನಾವಲ್ಲದೆ ಇನ್ನಾರು? ಎರಡನೆಯವರ ಮಾತೂ ತೂಕದ್ದೇ. ನಮ್ಮಲ್ಲಿ ಕೆಲವರು 1980ರ ದಶಕದಲ್ಲಿ, ಟಿ.ವಿ. ಗೋಪುರ ಇನ್ನೂ ಏಳುತ್ತಿದ್ದಾಗಲೇ ಇಲ್ಲಿಗೆ ಬಂದವರು. ಮೂವತ್ತು ದಿನ, ಮೂರು ತಿಂಗಳ ಲೆಕ್ಕದಲ್ಲಿ ನಾವು ಈ ಊರಿನ ಗೋಡೆಗೂ ಋಣಿಗಳಾಗಿ ಎಷ್ಟು ಕಾಲವಾಯಿತು! ಹುಡುಗನಿಗೆ ನಿಧಿಯಿಂದ ಕೊಡಬೇಕು, ಹುಡುಗಿಗಾಗಿ ಬೇರೆ ಹೆಸರಿನಲ್ಲಿ ಇನ್ನೊಂದು ಡಬ್ಬಿ ಇಡಬೇಕು, ಅದಕ್ಕೂ ಪ್ರತಿ ವರ್ಷ ಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಮಿಕ್ಕದ್ದನ್ನು ಹಾಕುವ ಡಬ್ಬಿ ಮಾತ್ರ ಅದಾಗಬಾರದು.

ಯಾರಿಗೆ ಎಂಬುದಕ್ಕಿಂತ ಹೇಗೆ ಎಂಬುದು ಇನ್ನೂ ಕಠಿಣ. ನಮ್ಮಲ್ಲಿ ಭಿಕ್ಷೆ ಕೇಳುವವನು ‘ಧರ್ಮ ಮಾಡಿ ತಾಯಿ’ ಎನ್ನುತ್ತಾನೆ. ಹೀಬ್ರೂ ಭಾಷೆಯಲ್ಲೂ ದಾನಕ್ಕೆ ಬಳಸುವ ಮಾತು ನ್ಯಾಯ ಎಂಬುದರಿಂದಲೇ ಬಂದದ್ದು. ಹನ್ನೆರಡನೆಯ ಶತಮಾನದಲ್ಲಿ ಈಜಿಪ್ಟಿನಲ್ಲಿ ವೈದ್ಯನಾಗಿದ್ದ ಮೈಮೊನಿಡೀಸ್ ಎಂಬ ಯೆಹೂದಿ ಪಂಡಿತ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ. ಮುಖ ಸಿಂಡರಿಸಿಕೊಂಡು ಕೊಡುವುದು ಎಲ್ಲಕ್ಕಿಂತ ಕೆಳಗಿನದು. ಕೊಟ್ಟವನಿಗೆ ಪಡೆದವನಾರೆಂದು, ಪಡೆದವನಿಗೆ ಕೊಟ್ಟವನಾರೆಂದು ತಿಳಿಯದಂತೆ ಕೊಡುವುದು ಮೇಲಿನಿಂದ ಎರಡನೆಯದು. ಜೆರೂಸಲೇಮಿನ ಹಳೆಯ ದೇವಾಲಯದಲ್ಲಿ ಇದಕ್ಕಾಗಿ ಗುಟ್ಟಿನ ಕೋಣೆಯೊಂದಿತ್ತಂತೆ: ಕೊಡುವವರು ಮರೆಯಲ್ಲಿ ಇಟ್ಟುಹೋಗುವರು, ಒಳ್ಳೆಯ ಮನೆತನದ ಬಡವರು ಮರೆಯಲ್ಲಿ ಒಯ್ಯುವರು. ಎಲ್ಲಕ್ಕೂ ಮೇಲಿನ ಮೆಟ್ಟಿಲು ಬಿದ್ದವನಿಗೆ ಸಾಲ ಕೊಟ್ಟೋ, ವ್ಯಾಪಾರದಲ್ಲಿ ಪಾಲು ಕೊಟ್ಟೋ, ಕೆಲಸ ಹುಡುಕಿಕೊಟ್ಟೋ ಅವನು ಮತ್ತೆ ಕೈಚಾಚದಂತೆ ಮಾಡುವುದು. 1892ರಲ್ಲಿ ನ್ಯೂಯಾರ್ಕಿನ ಬಡ ಯೆಹೂದಿಗಳಿಗಾಗಿ ಬಡ್ಡಿಯಿಲ್ಲದ ಸಾಲದ ಸಂಘ ಹುಟ್ಟಿದ್ದರ ಹಿಂದೆ ಇರುವುದು ಈ ವಿಚಾರ. ನಮ್ಮ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದವರು ಎರಡು ಬ್ಯಾಂಕುಗಳ ಜೊತೆಗೂಡಿ ನಿರುದ್ಯೋಗಿ ಯುವಕರಿಗೆ ಸ್ವಂತ ಉದ್ಯೋಗದ ತರಬೇತಿ ಆರಂಭಿಸಿದ್ದೂ ಇದೇ ಮೆಟ್ಟಿಲಿನ ಕೆಲಸ. ಆ ಮಾದರಿ ಈಗ ದೇಶದ ತುಂಬ ಹರಡಿದೆ.

ನಾವೋ, ವಿದ್ಯಾರ್ಥಿ ವೇತನದ ಹುಡುಗನನ್ನು ವೇದಿಕೆಗೆ ಕರೆದು, ಹಾರ ಹಾಕಿದ ಅತಿಥಿಗಳ ನಡುವೆ ನಿಲ್ಲಿಸಿ, ದೊಡ್ಡ ಅಕ್ಷರದ ಚೆಕ್ಕಿನ ಹಲಗೆ ಕೈಗಿತ್ತು ಫೋಟೋ ಹಿಡಿಸುತ್ತೇವೆ. ಆ ಹುಡುಗ ಎಲ್ಲಿ ನೋಡುತ್ತಿದ್ದಾನೆಂದು ಯಾರೂ ಗಮನಿಸುವುದಿಲ್ಲ.

ಹೀಗಿರುವುದರಿಂದಲೇ ನಿಜವಾಗಿ ಕಷ್ಟದಲ್ಲಿರುವವರು ನಮ್ಮ ಬಳಿ ಬರುವುದಿಲ್ಲ. ನಮ್ಮಲ್ಲೇ ಒಬ್ಬರು, ಐವತ್ತು ದಾಟಿದವರು, ಖಾಸಗಿ ಕಂಪನಿಯಲ್ಲಿದ್ದ ಕೆಲಸ ಕಳೆದುಕೊಂಡ ಮೇಲೂ ಐದು ತಿಂಗಳು ಪ್ರತಿ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಮೆಟ್ರೋ ಹತ್ತುತ್ತಿದ್ದರು. ಅರ್ಧ ದಿನ ರೋಹಿಣಿಯ ಜಪಾನೀಸ್ ಪಾರ್ಕಿನ ಬೆಂಚಿನ ಮೇಲೆ ಕೂತು, ಅಲ್ಲೇ ಡಬ್ಬಿ ಬಿಚ್ಚಿ ಉಂಡು, ಸಂಜೆ ಆಫೀಸು ಬಿಡುವ ಹೊತ್ತಿಗೆ ಮನೆಗೆ ಬರುತ್ತಿದ್ದರು. ಆ ಐದು ತಿಂಗಳಲ್ಲಿ ನಮ್ಮ ಎರಡು ಸಭೆಗಳಿಗೂ ಬಂದು ನಿಧಿಗೆ ಎಂದಿನಂತೆ ಹಣ ಕೊಟ್ಟರು; ರಸೀದಿಯೂ ಇದೆ. ಸಂಗತಿ ಹೊರಬಿದ್ದದ್ದು ಅವರ ಮನೆಯವರು ಮಗಳ ಶುಲ್ಕದ ವಿಷಯ ನೆರೆಮನೆಯವರಲ್ಲಿ ಬಾಯಿಬಿಟ್ಟಾಗ. ಆಮೇಲೆ ಅವರಿಗೆ ಕೆಲಸ ಸಿಕ್ಕಿದ್ದು ನಿಧಿಯಿಂದಲ್ಲ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಹಿರಿಯರೊಬ್ಬರು ಎರಡು ಕಡೆ ಫೋನು ಮಾಡಿದರು. ಲೆಕ್ಕಪತ್ರ ನೋಡುವ ಒಂದು ಸಣ್ಣ ಕೆಲಸ ಸಿಕ್ಕಿತು. ಹಣ ಎತ್ತುವ ನಾವು ಇಂಥ ಫೋನು ಮಾಡುವವರ ಪಟ್ಟಿಯನ್ನು ಎಂದೂ ಮಾಡಿರಲಿಲ್ಲ.

ಈಗ ಮಾಡಹೊರಟಿದ್ದೇವೆ. ಸಚಿವಾಲಯದಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕಾರ್ಖಾನೆಯಲ್ಲಿ ಇದ್ದವರು, ಇರುವವರು ತಮ್ಮ ಹೆಸರು ಕೊಡಬೇಕು. ಕೆಲಸ ಬೇಕಾದವರು ನೇರವಾಗಿ ಅವರಲ್ಲೊಬ್ಬರಿಗೆ ಫೋನು ಮಾಡಬಹುದು, ಕನ್ನಡದಲ್ಲಾಗಲಿ ಹಿಂದಿಯಲ್ಲಾಗಲಿ. ಸಭೆಯಲ್ಲಿ ಹೆಸರು ಬರುವುದಿಲ್ಲ, ವರದಿಯಲ್ಲಿ ಅಚ್ಚಾಗುವುದಿಲ್ಲ. ಈವರೆಗೆ ನಾಲ್ವರು ಒಪ್ಪಿದ್ದಾರೆ. ಐದನೆಯವರಾಗಿ ತಾವೇ ಮುಂದೆ ಬಂದವರು ಆ ಊಟದ ಡಬ್ಬಿಯವರು. ಸಂಜೆ ಏಳರ ಮೇಲೆ ಫೋನು ಮಾಡಿದರೆ ಸಿಕ್ಕುತ್ತೇನೆ ಎಂದಿದ್ದಾರೆ.