ನೀಡುವವರು ಕಲಿಯಬೇಕಾದ ಪಾಠ

ದಾನ ಬೇರೆ, ದಾಸೋಹ ಬೇರೆ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುವನು, ಕೊಳ್ಳುವವನು ಕೆಳಗೆ. ಇಬ್ಬರ ನಡುವೆ ಒಂದು ಮೆಟ್ಟಿಲು ಉಳಿದೇ ಇರುವುದು. ದಾಸೋಹದಲ್ಲಾದರೋ ಕೊಡುವವನೇ ದಾಸನು. ಕಾಯಕದಿಂದ ಬಂದುದು ತನ್ನದಲ್ಲ, ಜಂಗಮಕ್ಕೆ ಸಲ್ಲತಕ್ಕದ್ದು ತನ್ನ ಕೈಯಲ್ಲಿ ಕೆಲಹೊತ್ತು ನಿಂತಿರುವುದು ಎಂಬ ಭಾವವೇ ಅದರ ತಿರುಳು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಅರಿಯದ ಭಕ್ತರಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಇದನ್ನು ನಿರಾಸೆಯ ನಿದರ್ಶನವೆಂದು ಮಾತ್ರ ಹೇಳಿ ಮುಗಿಸುವುದು ರೂಢಿ. ಆದರೆ ಕಲ್ಯಾಣದ ಮಹಾದಾನಿಗೂ ಅಲ್ಲಿ ಒಂದು ಪಾಠವಿತ್ತು. ಬಡವರ ಮನೆಗೂ ಒಂದು ಅಳತೆಯುಂಟು; ಅದನ್ನು ಕೇಳದೆ ಸುರಿದ ಔದಾರ್ಯ ಅವರಿಗೆ ಭಾರವಾಗಬಲ್ಲದು.

ಬಡ ಹೆಣ್ಣುಮಗಳಿಂದ ಮಹಾಮನೆಯೇ ಕಲಿಯಬಹುದಾದರೆ, ನೆರೆನಾಡಿನಿಂದ ನಾವು ಕಲಿಯುವುದಕ್ಕೆ ಸಂಕೋಚವೇಕೆ? 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಮಹನೀಯರು ಸಂಕೋಚಪಡಲಿಲ್ಲ. 1884ರಲ್ಲಿ ಪುಣೆಯಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಷನ್ ಸೊಸೈಟಿಯಲ್ಲಿ ಶಿಕ್ಷಕರೇ ಆಜೀವ ಸದಸ್ಯರಾಗಿ ಅಲ್ಪವೇತನಕ್ಕೆ ದುಡಿಯುತ್ತಿದ್ದ ಮಾದರಿ ಅವರ ಕಣ್ಣೆದುರಿಗಿತ್ತು. ಹಣವುಳ್ಳವರು ಹಣ ನೀಡಿದರು. ವಿದ್ಯೆಯುಳ್ಳವರು ತಮ್ಮ ಆಯುಷ್ಯವನ್ನೇ ನೀಡಿದರು. ಇವುಗಳಲ್ಲಿ ಯಾವುದು ಹಿರಿದೆಂದು ಹೇಳಬೇಕಾಗಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಸಾತಾರೆಯದು. ಕರ್ಮವೀರ ಭಾವೂರಾವ್ ಪಾಟೀಲರು ಹುಟ್ಟಿನಿಂದ ಜೈನರು. ಅವರ ಪೂರ್ವಿಕರು ನಮ್ಮ ಮೂಡಬಿದಿರೆಯ ಕಡೆಯವರೆಂದು ಹೇಳುವರು. 1919ರಲ್ಲಿ ಕರಾಡದ ಬಳಿಯ ಕಾಲೆ ಎಂಬ ಹಳ್ಳಿಯಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ಅಸ್ಪೃಶ್ಯರೆನಿಸಿದವರ ಮಕ್ಕಳೂ ಮಿಕ್ಕವರ ಮಕ್ಕಳೂ ಅವರ ವಸತಿಗೃಹದಲ್ಲಿ ಕೂಡಿ ಅಡುಗೆ ಮಾಡಿ ಕೂಡಿ ಉಂಡರು. ಧಾನ್ಯ ತೀರಿದಾಗ ಪತ್ನಿ ಲಕ್ಷ್ಮೀಬಾಯಿಯವರು ಮಂಗಳಸೂತ್ರವನ್ನೂ ಉಳಿಸಿಕೊಳ್ಳದೆ ಒಡವೆಗಳನ್ನು ಕೊಟ್ಟರು. ಆ ಮಹಾತಾಯಿಯನ್ನು ಲಕ್ಕಮ್ಮನ ಸಾಲಿನಲ್ಲಿ ನಿಲ್ಲಿಸಿದರೆ ತಪ್ಪಾಗಲಾರದು. ಆದರೂ ಪಾಟೀಲರು ಮಕ್ಕಳಿಗೆ ಬಿಟ್ಟಿ ಅನ್ನವನ್ನು ಮಾತ್ರ ಇಕ್ಕಲಿಲ್ಲ. ದುಡಿದು ಕಲಿಯುವ ಪದ್ಧತಿಯನ್ನು ತಂದರು. ಹೊಲ ಅಗೆದು, ಕಲ್ಲು ಹೊತ್ತು ಓದಿದ ಹುಡುಗನು ಯಾರ ಹಂಗಿನವನೂ ಆಗಲಿಲ್ಲ. ಕಾಯಕವೆಂಬ ಮಾತು ನಮ್ಮದು. ಪ್ರಸಾದನಿಲಯದೊಳಗೆ ಅದನ್ನು ನಡೆಸಿ ತೋರಿಸಿದವರು ಅವರು.

ಸಿಖ್ಖರ ಲಂಗರಿನಲ್ಲಿಯೂ ನೋಡತಕ್ಕದ್ದುಂಟು. ಅಮೃತಸರದ ಗುರುದ್ವಾರದಲ್ಲಿ ಯಾರೇ ಬರಲಿ, ನೆಲದ ಮೇಲೆ ಒಂದೇ ಸಾಲು, ಒಂದೇ ಅಡುಗೆ. ಸಿರಿವಂತರೂ ಎಂಜಲು ತಟ್ಟೆ ತೊಳೆಯುವರು. ಆ ತಟ್ಟೆಯ ಮೇಲೆ ತೊಳೆದವರ ಹೆಸರು ಬರೆದಿರುವುದಿಲ್ಲ.

ನಮ್ಮಲ್ಲಿ ಹೆಸರಿನ ಕಲ್ಲುಗಳು ಹೆಚ್ಚಾಗಿವೆ. ಒಂದು ಕೊಠಡಿಗೆ ಒಂದು ಕಲ್ಲು, ಒಂದು ಬಾಗಿಲಿಗೆ ಇನ್ನೊಂದು. ದಾತೃಗಳ ಸ್ಮರಣೆ ತಪ್ಪೆಂದಲ್ಲ. ಆದರೆ ಅದರ ಕೆಳಗೆ ಮಲಗುವ ಹುಡುಗನು ದಿನವೂ ಅದನ್ನು ಓದಬೇಕಾಗಿದೆ. ಸ್ವಜನರ ಮಕ್ಕಳಿಗೇ ಮೊದಲ ಎಡೆ ಎಂಬ ನಿಯಮವಂತೂ ಕಲ್ಲಿಗಿಂತ ಕಠಿಣವಾದುದು. ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ಕೊಂಡಾಡಿ, ಅವನ ಕುಲದ ಹುಡುಗನಿಗೆ ಜಾಗವಿಲ್ಲವೆನ್ನುವುದು ಹೇಗೆ?

ಇದಕ್ಕೆ ಉತ್ತರ ಹುಡುಕಲು ಅಮೃತಸರದವರೆಗೆ ಹೋಗಬೇಕಾದುದಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ 1941ರಿಂದ ಮಠದ ಭಾರ ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವ ತನಕ ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಆಸರೆ, ಅಕ್ಷರಗಳನ್ನು ನೀಡಿದರು. ಅದಕ್ಕಾಗಿ ಹಳ್ಳಿಹಳ್ಳಿಗೆ ಹೋಗಿ ಭಿಕ್ಷೆ ಎತ್ತಿದರು. ರೈತನು ಕಣದಿಂದ ತಂದು ಸುರಿದ ರಾಗಿ, ಯಾರು ತಂದುದೆಂಬ ಗುರುತಿಲ್ಲದೆ, ಮರುದಿನ ಮಕ್ಕಳ ತಟ್ಟೆಗೆ ಮುದ್ದೆಯಾಗಿ ಬರುತ್ತಿತ್ತು.