ಓಟದ ನಿಯಮಕ್ಕೂ ಉದ್ಯಾಪನೆಯುಂಟು

ನಿಯಮವೊಂದನ್ನು ಹಿಡಿಯುವುದು ಕಷ್ಟ. ಹಿಡಿದದ್ದನ್ನು ವರ್ಷಗಟ್ಟಲೆ ನಡೆಸಿಕೊಂಡು ಬರುವುದು ಅದಕ್ಕಿಂತಲೂ ಕಷ್ಟ. ಅದನ್ನು ಎಂದು, ಹೇಗೆ ಮುಗಿಸಬೇಕೆಂದು ತಿಳಿಯುವುದು ಎಲ್ಲಕ್ಕಿಂತ ಕಷ್ಟ. ಈ ಮೂರನೆಯ ಕಷ್ಟವನ್ನು ಕುರಿತು ಇಲ್ಲಿ ಕೊಂಚ ವಿವೇಚಿಸೋಣ. ಅದಕ್ಕೆ ನಿಮಿತ್ತವಾಗಿರುವುದು ಮ್ಯಾರಥಾನ್ ಎಂಬ ದೂರದ ಓಟ.

ಮುಂಬಯಿಯಲ್ಲಿ ೨೦೦೪ರಲ್ಲಿ ಆರಂಭವಾದ ಈ ಓಟ ಈಗ ಜನವರಿ ತಿಂಗಳಲ್ಲಿ ನಡೆಯುತ್ತದೆ. ಓಡಬೇಕಾದ ದೂರ ೪೨ ಕಿಲೋಮೀಟರ್ ೧೯೫ ಮೀಟರ್; ಎಂದರೆ ಬೋರಿಬಂದರಿನಿಂದ ಹೊರಟು ರೈಲುಹಳಿಯ ಗುಂಟ ಠಾಣೆಯನ್ನೂ ದಾಟಿ ದಿವಾ ನಿಲ್ದಾಣದ ಸಮೀಪದವರೆಗೆ ಹೋದಷ್ಟು. ಬ್ಯಾಂಕು, ರೈಲ್ವೆ, ವಿಮಾ ಕಚೇರಿಗಳಿಂದ ನಿವೃತ್ತರಾದ ಹಿರಿಯರೂ ಇದರಲ್ಲಿ ಓಡುತ್ತಾರೆ. ಐವತ್ತರಲ್ಲಿ ಆರಂಭಿಸಿ, ಎಪ್ಪತ್ತು ಸಮೀಪಿಸಿದರೂ ಒಂದು ವರ್ಷವೂ ತಪ್ಪಿಸದೆ ನಡೆಸಿಕೊಂಡು ಬಂದವರಿದ್ದಾರೆ. ದಸರೆ ಮುಗಿಯುತ್ತಿದ್ದಂತೆ ಅವರ ಅಭ್ಯಾಸ ಬಿರುಸಾಗುತ್ತದೆ. ಮನೆಯವರ ಕಳವಳವೂ ಬಿರುಸಾಗುತ್ತದೆ. ‘ಈ ವರ್ಷ ಬೇಡವೆಂದರೆ ಕೇಳುವುದಿಲ್ಲ’ ಎಂದು ಮನೆಯಾಕೆ ನುಡಿದರೆ, ‘ಇಷ್ಟು ವರ್ಷ ನಡೆದದ್ದನ್ನು ಈಗ ಹೇಗೆ ಬಿಡಲಿ?’ ಎಂದು ಯಜಮಾನರು ಕೇಳುತ್ತಾರೆ. ಇದು ನಿಷ್ಠೆಯೋ, ಹಠವೋ? ನಮ್ಮ ಮುಂದಿರುವ ಪ್ರಶ್ನೆ ಇದೇ.

ಮೊದಲು ಪೂರ್ವಪಕ್ಷವನ್ನು ನೋಡೋಣ. ಅರವತ್ತು ದಾಟಿದ ಮೇಲೆ ಇಂಥ ಸಾಹಸವೇ ಅನುಚಿತ, ವಯಸ್ಸಿಗೆ ತಕ್ಕಂತೆ ಮನೆಯಲ್ಲಿ ಸುಮ್ಮನಿರಬೇಕು ಎಂದು ಕೆಲವರು ಹೇಳುವುದುಂಟು. ಇದು ಒಪ್ಪತಕ್ಕ ಮಾತಲ್ಲ. ಮೂವತ್ತರ ನಂತರ ದೇಹವು ಪ್ರಾಣವಾಯುವನ್ನು ಬಳಸಿಕೊಳ್ಳುವ ಗರಿಷ್ಠ ಶಕ್ತಿ ಹತ್ತು ವರ್ಷಕ್ಕೆ ನೂರಕ್ಕೆ ಸುಮಾರು ಹತ್ತರಂತೆ ಇಳಿಯುತ್ತ ಹೋಗುತ್ತದೆಯೆಂಬುದು ನಿಜ. ಆದರೆ ಅಭ್ಯಾಸವನ್ನು ಬಿಡದವರಲ್ಲಿ ಈ ಇಳಿತ ನಿಧಾನವೆಂಬುದೂ ಅಷ್ಟೇ ನಿಜ. ವೃದ್ಧಾಪ್ಯವೆಂದು ನಾವು ಕರೆಯುವುದರಲ್ಲಿ ಒಂದು ಪಾಲು ಕಾಲದ ಕೆಲಸ, ಇನ್ನೊಂದು ಪಾಲು ಕುರ್ಚಿಯ ಕೆಲಸ. ಭಯದಿಂದ ಹಿರಿಯರನ್ನು ಕಟ್ಟಿ ಕೂರಿಸಿ ಅದಕ್ಕೆ ಪ್ರೀತಿಯೆಂದು ಹೆಸರಿಡುವುದು ನ್ಯಾಯವಲ್ಲ.

ಅಮೆರಿಕದ ಬಾಸ್ಟನ್ ನಗರದಲ್ಲಿ ೧೮೯೭ರಿಂದ ನಡೆದುಬಂದಿರುವ ಮ್ಯಾರಥಾನ್ ವಾರ್ಷಿಕ ಮ್ಯಾರಥಾನ್‌ಗಳಲ್ಲೆಲ್ಲ ಹಳೆಯದು. ಜಾನ್ ಕೆಲ್ಲಿ ಎಂಬವರು ಅಲ್ಲಿ ೬೧ ಬಾರಿ ಓಡಲು ನಿಂತು ೫೮ ಬಾರಿ ಗುರಿ ಮುಟ್ಟಿದರು. ೧೯೩೫ ಮತ್ತು ೧೯೪೫ರಲ್ಲಿ ಗೆದ್ದರು. ಏಳು ಬಾರಿ ಎರಡನೆಯವರಾದರು. ಕೊನೆಯ ಬಾರಿ ಪೂರ್ಣದೂರ ಓಡಿದ್ದು ೧೯೯೨ರಲ್ಲಿ, ತಮ್ಮ ೮೪ನೆಯ ವಯಸ್ಸಿನಲ್ಲಿ. ಅವರ ಎಣಿಕೆಯೂ ಅಖಂಡವಲ್ಲ. ೧೯೬೮ರಲ್ಲಿ ಶಸ್ತ್ರಚಿಕಿತ್ಸೆಯ ಕಾರಣದಿಂದ ಅವರು ಓಡಲಿಲ್ಲ. ಆಗ ಅವರಿಗೆ ಅರವತ್ತು ವರ್ಷ. ಸರಪಳಿ ತುಂಡಾಯಿತಲ್ಲ ಎಂದು ಕೈಚೆಲ್ಲಿ ಕೂತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರಾದರೋ ಮರುವರ್ಷ ಮತ್ತೆ ಬಂದು ನಿಂತರು. ಅದಾದ ಮೇಲೆ ಇಪ್ಪತ್ತನಾಲ್ಕು ಬಾರಿ ಓಡಿದರು. ತಪ್ಪಿದ ಒಂದು ವರ್ಷ ಉಳಿದ ವರ್ಷಗಳ ಬೆಲೆಯನ್ನು ಕಿಂಚಿತ್ತೂ ಕುಂದಿಸಲಿಲ್ಲ.

ಹಾಗಾದರೆ ತಪ್ಪಿಸಬಾರದೆಂಬ ಕಟ್ಟುಪಾಡಿಗೆ ಅರ್ಥವೇ ಇಲ್ಲವೇ ಎಂಬ ಶಂಕೆ ಹುಟ್ಟಬಹುದು. ಅರ್ಥವಿದೆ. ಮನುಷ್ಯನ ಮನಸ್ಸು ದಿನವೂ ಚೌಕಾಸಿ ಮಾಡುವಂಥದು. ಇಂದು ಚಳಿ, ನಾಳೆ ಮಳೆ, ನಾಡಿದ್ದು ಬಂಧುಗಳ ಆಗಮನ. ‘ವರ್ಷಕ್ಕೊಮ್ಮೆ ಓಡಿಯೇ ತೀರುತ್ತೇನೆ’ ಎಂದು ಸಂಕಲ್ಪಿಸಿದವನಿಗೆ ಈ ಚೌಕಾಸಿಯ ಕಾಟ ತಪ್ಪುತ್ತದೆ. ಓಟದ ದಿನ ಒಂದೇ ಆದರೂ ಅದು ಹಿಂದಿನ ನೂರಾರು ಬೆಳಗುಗಳನ್ನು ಕಾಯುತ್ತದೆ. ಊಟವನ್ನೂ ನಿದ್ರೆಯನ್ನೂ ಹದದಲ್ಲಿಡುತ್ತದೆ. ಎಣಿಕೆಯೆಂಬುದು ಬೆಳೆಯ ಸುತ್ತಲಿನ ಬೇಲಿಯಿದ್ದಂತೆ.

ಆದರೆ ಬೇಲಿಯನ್ನೇ ಬೆಳೆಯೆಂದು ತಿಳಿಯುವ ಅಪಾಯವೂ ಇಲ್ಲಿಯೇ ಇದೆ. ಇಂಗ್ಲೆಂಡಿನ ರಾನ್ ಹಿಲ್ ಅವರು ೧೯೭೦ರಲ್ಲಿ ಬಾಸ್ಟನ್ ಮ್ಯಾರಥಾನ್ ಗೆದ್ದವರು. ಅವರ ನಿಯಮ ವಾರ್ಷಿಕವಲ್ಲ, ದೈನಂದಿನ. ದಿನಕ್ಕೆ ಕನಿಷ್ಠ ಒಂದು ಮೈಲಿಯಾದರೂ ಓಡಬೇಕೆಂದು ೧೯೬೪ರ ಡಿಸೆಂಬರಿನಲ್ಲಿ ಆರಂಭಿಸಿ, ಐವತ್ತೆರಡು ವರ್ಷಗಳಿಗೂ ಮಿಕ್ಕಿ ನಡೆಸಿದರು. ೧೯೯೩ರಲ್ಲಿ ಮೋಟಾರು ಅಪಘಾತವಾಗಿ ಎದೆಯ ಮೂಳೆ ಮುರಿದ ಮರುದಿನವೂ ಬಿಡಲಿಲ್ಲ. ಕಾಲಿನ ಶಸ್ತ್ರಚಿಕಿತ್ಸೆಯ ನಂತರ ಊರುಗೋಲಿನ ಮೇಲೆಯೇ ಮೈಲಿಯನ್ನು ಪೂರೈಸಿದರು. ಕೇಳಿದವರಿಗೆ ಮೈ ಜುಮ್ಮೆನ್ನುತ್ತದೆ. ಆದರೆ ಊರುಗೋಲಿನ ಆ ಮೈಲಿ ಯಾರಿಗಾಗಿ? ದೇಹಕ್ಕಾಗಿ ಅಲ್ಲ; ದೇಹ ವಿಶ್ರಾಂತಿಯನ್ನು ಬೇಡುತ್ತಿತ್ತು. ಅದು ಎಣಿಕೆಗಾಗಿ. ದೇಹದ ರಕ್ಷಣೆಗೆಂದು ಹುಟ್ಟಿದ ನಿಯಮ ಅಂದು ದೇಹವನ್ನೇ ಕಪ್ಪವಾಗಿ ಕೇಳಿತು.

ಆದರೂ ಆ ಮಹನೀಯರ ಕೊನೆಯ ನಡೆ ಅನುಕರಣೀಯವಾದುದು. ೨೦೧೭ರ ಜನವರಿಯಲ್ಲಿ, ತಮ್ಮ ೭೮ನೆಯ ವಯಸ್ಸಿನಲ್ಲಿ, ಓಡುತ್ತಿರುವಾಗ ಎದೆ ನೋಯತೊಡಗಿತು. ಹೇಗೋ ಆ ಮೈಲಿಯನ್ನು ಮುಗಿಸಿದರು, ಮರುದಿನ ಓಡಲಿಲ್ಲ. ತಮಗಾಗಿಯೂ ಹೆಂಡತಿ ಮಕ್ಕಳಿಗಾಗಿಯೂ ಇಲ್ಲಿಗೆ ನಿಲ್ಲಿಸುವುದೇ ಸರಿಯೆಂದು ತಿಳಿಸಿದರು. ಹತ್ತೊಂಬತ್ತು ಸಾವಿರ ದಿನಗಳಿಗೂ ಹೆಚ್ಚಿನ ಗಳಿಕೆಯನ್ನು ಒಂದು ಬೆಳಿಗ್ಗೆ ಕೆಳಗಿಡುವುದಕ್ಕೆ, ಅದನ್ನು ಗಳಿಸಲು ಬೇಕಾದುದಕ್ಕಿಂತ ಕಡಿಮೆ ಧೈರ್ಯ ಸಾಲದು. ಅವರು ೨೦೨೧ರವರೆಗೂ ಬಾಳಿದರು.

ಸಂಖ್ಯೆಯ ಮೇಲೆ ನಮಗಿರುವ ಒಡೆತನ ಎಷ್ಟು ತೆಳ್ಳಗಿನದೆಂಬುದನ್ನು ಕೊರೋನಾ ಕಾಲವೂ ತೋರಿಸಿಕೊಟ್ಟಿತು. ೨೦೨೧ ಮತ್ತು ೨೦೨೨ರಲ್ಲಿ ಮುಂಬಯಿಯ ಓಟ ನಡೆಯಲೇ ಇಲ್ಲ. ಒಂದು ವರ್ಷವೂ ತಪ್ಪಿಸೆನೆಂದವರ ಲೆಕ್ಕ ಅವರ ಯಾವ ತಪ್ಪೂ ಇಲ್ಲದೆ ನಿಂತಿತು. ಆದರೆ ಮನೆಯ ತಾರಸಿಯ ಮೇಲೆ ನಡೆದು, ಪ್ರಾಣಾಯಾಮ ಮಾಡಿ ಶರೀರವನ್ನು ಕಾಪಾಡಿಕೊಂಡವರು ೨೦೨೩ರ ಜನವರಿಯಲ್ಲಿ ಮತ್ತೆ ಹೊರಟರು. ಲೆಕ್ಕ ನಿಂತರೂ ಅಭ್ಯಾಸ ನಿಲ್ಲಲಿಲ್ಲ. ನಮ್ಮ ಕೈಯಲ್ಲಿದ್ದುದು ಅಭ್ಯಾಸ ಮಾತ್ರ. ಲೆಕ್ಕ ಎಂದಿಗೂ ಪೂರ್ತಿಯಾಗಿ ನಮ್ಮ ಕೈಯಲ್ಲಿರಲಿಲ್ಲ.

ಇನ್ನೊಂದು ಅಂಶವನ್ನೂ ಮರೆಯಬಾರದು. ದೀರ್ಘಕಾಲ ಬಹುದೂರ ಓಡಿದವರಲ್ಲಿ ಹೃದಯದ ಬಡಿತ ಲಯ ತಪ್ಪುವ ಒಂದು ಬಗೆಯ ತೊಂದರೆ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆಯೆಂದು ವೈದ್ಯರು ಗುರುತಿಸಿದ್ದಾರೆ. ವಯಸ್ಸಾದಂತೆ ಗಾಯ ಮಾಯುವುದೂ ತಡವಾಗುತ್ತದೆ. ಊರು ಬಿಟ್ಟು ಬಂದ ನಮ್ಮಂಥ ಕುಟುಂಬಗಳಲ್ಲಿ ಒಬ್ಬರು ಮಲಗಿದರೆ ಎತ್ತಿ ಕೂರಿಸಲು ಅಣ್ಣತಮ್ಮಂದಿರು, ನೆರೆಹೊರೆಯವರು ತುಂಬಿದ ಮನೆಯಿಲ್ಲ. ಮಗ ರಜೆ ಹಾಕಬೇಕು, ಸೊಸೆ ಕಚೇರಿಯಿಂದ ಆಸ್ಪತ್ರೆಗೆ ಓಡಬೇಕು, ಮೊಣಕಾಲು ನೋವಿನ ಹೆಂಡತಿ ಮಹಡಿ ಹತ್ತಿಳಿಯಬೇಕು. ಓಡುವವನು ತನ್ನ ಕಾಲ ಮೇಲೆ ಓಡುತ್ತಾನೆ. ಬಿದ್ದರೆ ಭಾರ ಬೀಳುವುದು ಇತರರ ಹೆಗಲ ಮೇಲೆ. ಆದುದರಿಂದ ‘ನನ್ನ ದೇಹ, ನನ್ನ ಇಷ್ಟ’ ಎಂಬ ವಾದ ಗೃಹಸ್ಥನಿಗೆ ಸಲ್ಲದು. ಮನೆಯವರ ಮಾತಿಗೂ ಇಲ್ಲಿ ಅಧಿಕಾರವುಂಟು.

ಈಗ ಸಿದ್ಧಾಂತ. ನಮ್ಮ ಮನೆಗಳಲ್ಲಿ ವ್ರತ ಹಿಡಿದ ಹೆಂಗಸರು ನಿಯತಕಾಲ ತುಂಬಿದ ಮೇಲೆ ಉದ್ಯಾಪನೆ ಮಾಡುತ್ತಾರೆ. ದಾನವುಂಟು, ಬಂಧುಮಿತ್ರರಿಗೆ ಊಟವುಂಟು, ಸಂತೋಷವುಂಟು. ಅವರು ವ್ರತ ಬಿಟ್ಟರೆಂದು ಯಾರೂ ಹೇಳುವುದಿಲ್ಲ, ವ್ರತ ಮುಗಿಸಿದರೆನ್ನುತ್ತಾರೆ. ಈ ಎರಡು ಮಾತುಗಳ ನಡುವಿನ ಅಂತರವೇ ನಮ್ಮ ಪ್ರಶ್ನೆಗೆ ಉತ್ತರ. ವರ್ಷವರ್ಷದ ಓಟದ ಎಣಿಕೆಗೆ ಆರಂಭವುಂಟು, ಉದ್ಯಾಪನೆಯಿಲ್ಲ; ಅದನ್ನು ಮುರಿಯುವುದು ರೋಗ ಇಲ್ಲವೇ ಅಪಘಾತ. ಅಂತ್ಯವನ್ನು ನಾವು ನಿರ್ಣಯಿಸದಿದ್ದರೆ ಅದನ್ನು ದೇಹವೇ ನಿರ್ಣಯಿಸುತ್ತದೆ, ನಮ್ಮನ್ನು ಕೇಳದೆ.

ಪಾಸ್‌ಪೋರ್ಟಿನ ಪ್ರಕಾರ ೧೯೧೧ರಲ್ಲಿ ಪಂಜಾಬಿನಲ್ಲಿ ಜನಿಸಿದ ಫೌಜಾ ಸಿಂಗ್ ಅವರು ಮೊದಲ ಮ್ಯಾರಥಾನ್ ಓಡಿದ್ದೇ ೨೦೦೦ದಲ್ಲಿ, ಲಂಡನ್ನಿನಲ್ಲಿ. ೨೦೧೩ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗಿನಲ್ಲಿ ಇದೇ ನನ್ನ ಕೊನೆಯ ಸ್ಪರ್ಧೆಯೆಂದು ಮೊದಲೇ ತಿಳಿಸಿ, ಹತ್ತು ಕಿಲೋಮೀಟರ್ ಓಡಿ ನಿಲ್ಲಿಸಿದರು. ಸ್ಪರ್ಧೆ ಮುಗಿಯಿತು, ನಡಿಗೆ ಮುಗಿಯಲಿಲ್ಲ. ೨೦೨೫ರ ಜುಲೈಯಲ್ಲಿ ತಮ್ಮ ಊರಿನ ಬಳಿ ವಾಹನ ಬಡಿದು ಅವರು ತೀರಿಕೊಂಡಾಗಲೂ ಮನೆಯಿಂದ ಹೊರಗೆ ಕಾಲ್ನಡಿಗೆಯಲ್ಲೇ ಇದ್ದರು. ಅವರು ಮಾಡಿದ್ದು ಉದ್ಯಾಪನೆಯೇ.

ಆದುದರಿಂದ ಈ ನಿಯಮ ಹಿಡಿದ ಹಿರಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಓಟದ ಮುನ್ನಾ ವಾರ ಯಾರೂ ತನಗೆ ತಾನೇ ನ್ಯಾಯಾಧೀಶನಾಗಲಾರ. ಆರೋಗ್ಯವಾಗಿರುವಾಗಲೇ, ಮನೆಯವರನ್ನೂ ವೈದ್ಯರನ್ನೂ ಕೂರಿಸಿಕೊಂಡು, ಇಂಥಿಂಥ ಲಕ್ಷಣ ಕಂಡರೆ ಆ ವರ್ಷ ಓಡುವುದಿಲ್ಲವೆಂದು ಬರೆದಿಡಿ. ನೋವನ್ನು ಮುಚ್ಚಿಟ್ಟು ಓಡಬೇಕಾಗಿ ಬಂದ ದಿನ, ನಿಯಮ ಆಗಲೇ ಮುರಿದಿದೆಯೆಂದು ತಿಳಿಯಿರಿ. ಪೂರ್ಣದೂರ ಹೆಚ್ಚೆನಿಸಿದರೆ ಅರ್ಧಕ್ಕೆ, ಅನಂತರ ಹತ್ತು ಕಿಲೋಮೀಟರಿಗೆ ಇಳಿಯಿರಿ. ಕೊನೆಯ ಓಟವನ್ನು ಮೊದಲೇ ಸಾರಿ, ಮೊಮ್ಮಕ್ಕಳನ್ನು ರಸ್ತೆಬದಿಯಲ್ಲಿ ನಿಲ್ಲಿಸಿ, ನಗುನಗುತ್ತ ಓಡಿ ಮುಗಿಸಿ. ಮರುವರ್ಷ ಅದೇ ರಸ್ತೆಯಲ್ಲಿ ನಿಂತು ಓಡುವವರಿಗೆ ನೀರು ಕೊಡಿ. ಮನೆಯವರಿಗೂ ಒಂದು ಮಾತು: ಹೆದರಿಸಿ ನಿಲ್ಲಿಸಬೇಡಿ, ಅವರ ಉದ್ಯಾಪನೆಯ ದಿನ ಹಬ್ಬದಡಿಗೆ ಮಾಡಿ ಕಾದಿರಿ.

ಇಪ್ಪತ್ತು ವರ್ಷ ಓಡಿದವನನ್ನು ಲೋಕ ಇಪ್ಪತ್ತು ಎಂಬ ಅಂಕಿಯಿಂದ ಗುರುತಿಸೀತು. ಅವನ ಮನೆಯವರು ಗುರುತಿಸುವುದು, ಅವನು ಪ್ರತಿಸಲವೂ ಮನೆಗೆ ಮರಳಿ ಬಂದನೆಂಬುದರಿಂದ.